60, 30, 10, ಸೊನ್ನೆ

2021ರಲ್ಲಿ ಮೈಸೂರಿನ ಲಲಿತಮಹಲ್ ಅರಮನೆ ಹತ್ತಿರದ ಹೆಲಿಪ್ಯಾಡಿಗೆ ಹೊಸ ಯೋಜನೆಯೊಂದು ಬಂತು. ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಕೂರಿಸಿ ಊರು ತೋರಿಸುವುದು. ಅದಕ್ಕೆ 140ಕ್ಕೂ ಜಾಸ್ತಿ ಮರ ಕಡಿಯಬೇಕಿತ್ತು. ಅರಣ್ಯ ಇಲಾಖೆ ಪ್ರಕಟಣೆ ಹೊರಡಿಸಿ, ಆಕ್ಷೇಪಣೆ ಇದ್ದರೆ ಹೇಳಿ ಎಂದಿತು. ಜನ ಹೇಳಿದರು. ಕಾಗದ ಬರೆದರು, ಮೇಲ್ ಕಳಿಸಿದರು, ಬಂದು ಮಾತಾಡಿದರು. ಯೋಜನೆ ಮುಂದಕ್ಕೆ ಹೋಗಲಿಲ್ಲ.

2025ರ ಏಪ್ರಿಲ್‌ನಲ್ಲಿ ಅದೇ ಮೈಸೂರಿನ ಹೈದರಾಲಿ ರಸ್ತೆಯಲ್ಲಿ, ರಸ್ತೆ ಅಗಲ ಮಾಡಲು 40 ಮರ ಕಡಿದರು. ಬಹುತೇಕ ಜನಕ್ಕೆ ಗೊತ್ತಾಗುವ ಹೊತ್ತಿಗೆ ಬುಡ ಮಾತ್ರ ಉಳಿದಿತ್ತು. ಆಮೇಲೆ ಪ್ರತಿಭಟನೆ ಆಯಿತು, ಮೇಣದಬತ್ತಿ ಹಚ್ಚಿದರು, ಪತ್ರಿಕೆಯಲ್ಲಿ ದಿನಗಟ್ಟಲೆ ಸುದ್ದಿ ಬಂತು. ಮರ ಮಾತ್ರ ವಾಪಸ್ ಬರಲಿಲ್ಲ.

ಅದೇ ಊರು, ಅದೇ ಕಾನೂನು, ಹೆಚ್ಚುಕಡಿಮೆ ಅದೇ ಜನ. ಹಾಗಿದ್ದರೆ ವ್ಯತ್ಯಾಸ ಏನು? ಬೇರೆ ಕಾರಣಗಳೂ ಇರಬಹುದು. ಆದರೆ ಒಂದು ಕಾರಣ ಸುಮ್ನೆ ಒಂದು ಸಂಖ್ಯೆ. ಆ ಸಂಖ್ಯೆ 50.

ನಮ್ಮ ರಾಜ್ಯದಲ್ಲಿ ಮರ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕೆಲಸಕ್ಕೆ ಅಂತ 50ಕ್ಕಿಂತ ಜಾಸ್ತಿ ಮರ ಕಡಿಯುವುದಾದರೆ, ಆ ಅಧಿಕಾರಿ ಅದನ್ನು ಜಾಹೀರು ಮಾಡಬೇಕು. ಜನಕ್ಕೆ 10 ದಿನ ಸಮಯ ಕೊಟ್ಟು ಆಕ್ಷೇಪಣೆ ಕೇಳಬೇಕು. 50ರ ಒಳಗಿದ್ದರೆ ಹಾಗೆ ಕೇಳಲೇಬೇಕು ಅಂತೇನೂ ಇಲ್ಲ. 140 ಆ ಗೆರೆಯ ಆಚೆ ಇತ್ತು. 40 ಈಚೆ ಇತ್ತು. ಹಾಗಾಗಿ ಒಂದು ದೊಡ್ಡ ಕಾಮಗಾರಿಯನ್ನು ತುಂಡು ತುಂಡು ಮಾಡಿ ಕಡತ ಕಳಿಸಿದರೆ ಯಾವ ತುಂಡೂ ಗೆರೆ ದಾಟುವುದಿಲ್ಲ. ಇದನ್ನು ಕಂಡುಹಿಡಿಯಲು ಭಾರಿ ಬುದ್ಧಿವಂತಿಕೆಯೇನೂ ಬೇಕಾಗಿಲ್ಲ.

ಪರಿಸರದ ತೀರ್ಮಾನಗಳಲ್ಲಿ ಜನರ ಪಾಲು ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಮಂತ್ರಿಗಳೂ ಹೇಳುತ್ತಾರೆ, ಪ್ರಬಂಧ ಸ್ಪರ್ಧೆಯ ಮಕ್ಕಳೂ ಬರೆಯುತ್ತಾರೆ. 1992ರಲ್ಲಿ ರಿಯೋದಲ್ಲಿ ನಡೆದ ಭೂ ಶೃಂಗಸಭೆಯ ಘೋಷಣೆಯ 10ನೇ ತತ್ವ ಹೇಳುವುದೂ ಇದನ್ನೇ: ಜನಕ್ಕೆ ಮಾಹಿತಿ ಸಿಗಬೇಕು, ತೀರ್ಮಾನದಲ್ಲಿ ಪಾಲು ಸಿಗಬೇಕು, ಅನ್ಯಾಯ ಆದರೆ ನ್ಯಾಯ ಕೇಳಲು ದಾರಿ ಇರಬೇಕು. ಭಾರತವೂ ಅದಕ್ಕೆ ಒಪ್ಪಿದೆ. ಆದರೆ ಮೈಸೂರಿನಲ್ಲೋ ಮಂಡ್ಯದಲ್ಲೋ ಕೂತಿರುವ ನಮಗೆ ಬೇಕಾಗಿರುವುದು ತತ್ವ ಅಲ್ಲ, ಬಾಗಿಲು ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಅನ್ನುವ ಲೆಕ್ಕ. ಈ ಲೇಖನ ಆ ಲೆಕ್ಕದ್ದು.

ದಸರೆಯಲ್ಲಿ ನಡೆದ ಸಭೆ

‘ಜನರ ಪಾಲು’ ಅನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿ ಅಡಗಿವೆ. ಜನಕ್ಕೆ ತಿಳಿಸುವುದು ಒಂದು. ಜನ ಹೇಳಿದ್ದನ್ನು ಕೇಳಿಸಿಕೊಳ್ಳುವುದು ಇನ್ನೊಂದು. ತೀರ್ಮಾನವನ್ನೇ ಜನರ ಕೈಗೆ ಕೊಡುವುದು ಮೂರನೆಯದು. ಮೊದಲನೆಯದನ್ನು ಮಾಡಿ ಮೂರನೆಯದನ್ನು ಮಾಡಿದಂತೆ ಫೋಟೊ ತೆಗೆಸಿಕೊಳ್ಳುವುದು ನಮ್ಮಲ್ಲಿ ಮಾಮೂಲಿ.

ಈ ಮೂರರ ವ್ಯತ್ಯಾಸ ಮೈಸೂರಿಗೆ ಹೊಸದಲ್ಲ. 1881ರಲ್ಲಿ ದಿವಾನ ರಂಗಾಚಾರ್ಲು ಇಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ದಸರಾ ಸಮಯ, ಹೇಗಿದ್ದರೂ ಊರೂರಿನವರು ಮೈಸೂರಿಗೆ ಬಂದಿರುತ್ತಾರೆ. 144 ಮಂದಿ ಸೇರಿದರು. ಸರ್ಕಾರ ಏನು ಮಾಡಿತು, ಮುಂದೇನು ಮಾಡುತ್ತದೆ ಅಂತ ದಿವಾನರು ಹೇಳುವುದು. ಬಂದವರು ತಮ್ಮ ಕಡೆಯ ಅಹವಾಲು ಹೇಳುವುದು. ಅಷ್ಟೇ. ಅವರಿಗೆ ಮತ ಹಾಕಿ ಏನನ್ನೂ ತಡೆಯುವ ಅಧಿಕಾರ ಇರಲಿಲ್ಲ. ಬಂದವರೂ ಜಮೀನ್ದಾರರು, ವ್ಯಾಪಾರಿಗಳು. ಸಭೆಗೆ ಶಾಸನದ ಬಲ ಸಿಕ್ಕಿದ್ದು 1923ರಲ್ಲಿ, ಅಂದರೆ 42 ವರ್ಷ ಆದ ಮೇಲೆ.

ಅಂದಿನ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ. ದೇಶದ ಬೇರೆ ಸಂಸ್ಥಾನಗಳಲ್ಲಿ ಅಷ್ಟೂ ಇರಲಿಲ್ಲ. ಆದರೆ ಇವತ್ತು ಡಿಸಿ ಸಾಹೇಬರ ಎದುರು ಮೈಕ್ ಹಿಡಿದು ನಿಂತಾಗ ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು, ನಾವು ಇನ್ನೂ 1881ರಲ್ಲೇ ಇದ್ದೀವೇನೋ ಅಂತ. ಹೇಳಬಹುದು, ಬರೆದುಕೊಳ್ಳುತ್ತಾರೆ, ತೀರ್ಮಾನ ಮಾತ್ರ ಬೇರೆಲ್ಲೋ.

ಬಾಗಿಲು ಚಿಕ್ಕದಾಗುತ್ತಾ ಹೋಗುತ್ತದೆ

ಒಂದು ಮರ ಬೀಳುವ ಮೊದಲು, ಒಂದು ಕೆರೆಯ ಕಾಲುವೆ ಮುಚ್ಚುವ ಮೊದಲು, ಹಲವು ತೀರ್ಮಾನ ಆಗಿರುತ್ತವೆ. ಅವು ಒಂದರ ಹಿಂದೆ ಒಂದು ಬರುತ್ತವೆ. ಪ್ರತಿ ಹಂತದಲ್ಲೂ ಜನಕ್ಕೆ ಒಂದು ಬಾಗಿಲಿದೆ. ಆದರೆ ಎಲ್ಲ ಬಾಗಿಲೂ ಒಂದೇ ಅಳತೆಯವಲ್ಲ.

ಮೊದಲನೆಯದು ನಕ್ಷೆ. ಊರು ಯಾವ ಕಡೆ ಬೆಳೆಯಬೇಕು, ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ಹಸಿರು, ಯಾವ ರಸ್ತೆ ಎಷ್ಟು ಅಗಲ, ಇದೆಲ್ಲ ಮಾಸ್ಟರ್ ಪ್ಲಾನಿನಲ್ಲಿ ಬರುತ್ತದೆ. ಕರ್ನಾಟಕದಲ್ಲಿ ಇದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಕರಡು ಪ್ಲಾನ್ ಪ್ರಕಟವಾದ ಮೇಲೆ ಜನ ಆಕ್ಷೇಪಣೆ, ಸಲಹೆ ಕೊಡಲು 60 ದಿನ. ಕಾಡು, ಪಕ್ಷಿಧಾಮಗಳ ಸುತ್ತ ಪರಿಸರ ಸೂಕ್ಷ್ಮ ವಲಯ ಗುರುತಿಸುವಾಗಲೂ ಕೇಂದ್ರ ಸರ್ಕಾರ ಮೊದಲು ಕರಡು ಅಧಿಸೂಚನೆ ಹೊರಡಿಸುತ್ತದೆ. ಅದಕ್ಕೂ 60 ದಿನ. ನಮ್ಮ ರಂಗನತಿಟ್ಟಿನಂಥ ಜಾಗಗಳ ಸುತ್ತ ಗಣಿ ಬರಬಹುದೋ, ರೆಸಾರ್ಟ್ ಬರಬಹುದೋ ಅಂತ ಗಟ್ಟಿಯಾಗುವುದು ಈ ಕಾಗದದಲ್ಲಿ.

ಎರಡನೆಯದು ಯೋಜನೆ. ಒಂದು ಡಿಸ್ಟಿಲರಿ, ಒಂದು ದೊಡ್ಡ ಸಕ್ಕರೆ ಕಾರ್ಖಾನೆ, ಒಂದು ಗಣಿ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಇಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಅದಕ್ಕೆ ಮುಂಚೆ ಕನಿಷ್ಠ 30 ದಿನದ ನೋಟಿಸ್.

ಮೂರನೆಯದು ಕೊಡಲಿ. 50ಕ್ಕಿಂತ ಜಾಸ್ತಿ ಮರವಾದರೆ 10 ದಿನ.

ಕೊನೆಯದು 50ರ ಒಳಗಿನ ಲೆಕ್ಕ. ಅಲ್ಲಿ ಸೊನ್ನೆ.

60, 30, 10, ಸೊನ್ನೆ. ತೀರ್ಮಾನ ನೆಲಕ್ಕೆ ಹತ್ತಿರ ಬಂದ ಹಾಗೆ ನಮಗಿರುವ ದಿನ ಕಡಿಮೆ ಆಗುತ್ತಾ ಹೋಗುತ್ತದೆ. ಸೇರುವ ಜನದ ಲೆಕ್ಕ ಮಾತ್ರ ತಿರುಗಾಮುರುಗಾ. ಮಾಸ್ಟರ್ ಪ್ಲಾನ್ ಕರಡು ಬಂದಾಗ ನೋಡಲು ಹೋಗುವವರು ಸೈಟು ಇರುವವರು, ಅವರ ಪರವಾಗಿ ಬರುವ ವಕೀಲರು, ಡೆವಲಪರುಗಳು. ಮರ ಬಿದ್ದ ದಿನ ಬೀದಿಗೆ ಬರುವವರು ನೂರಾರು. ನಕ್ಷೆಯಲ್ಲಿ ಒಂದು ರಸ್ತೆಗೆ ‘ಮುಂದೆ 80 ಅಡಿ’ ಅಂತ ಬರೆದ ದಿನವೇ ಆ ರಸ್ತೆಯ ಮರಗಳ ಹಣೆಬರಹ ಬರೆದಾಗಿರುತ್ತದೆ. ಹದಿನೈದು ವರ್ಷ ಬಿಟ್ಟು ಗರಗಸ ಬಂದಾಗ ನಾವು ಕೇಳುವ ‘ನಮ್ಮನ್ನು ಯಾಕೆ ಕೇಳಲಿಲ್ಲ’ ಅನ್ನುವ ಪ್ರಶ್ನೆಗೆ ಅಧಿಕಾರಿಗಳ ಹತ್ತಿರ ಉತ್ತರ ಇರುತ್ತದೆ. ಕೇಳಿದ್ದೆವು, ನೀವು ಬರಲಿಲ್ಲ.

ಆ ಉತ್ತರ ಪೂರ್ತಿ ಪ್ರಾಮಾಣಿಕ ಅಲ್ಲ, ನಿಜ. 60 ದಿನ ಕೊಟ್ಟರೂ ಕೊಟ್ಟಿದ್ದು ಬಣ್ಣಬಣ್ಣದ ನಕ್ಷೆ. ಯಾವ ಬಣ್ಣ ಅಂದರೆ ಏನು ಅಂತ ತಿಳಿಯಲು ಎಂಜಿನಿಯರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಆದರೂ ಆ ಉತ್ತರ ಪೂರ್ತಿ ಸುಳ್ಳೂ ಅಲ್ಲ.

ಕುಕ್ಕರಹಳ್ಳಿ ಕೆರೆಯನ್ನೇ ನೋಡಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕೆರೆ. ಪೂರ್ಣಯ್ಯ ನಾಲೆ ಅದಕ್ಕೆ ನೀರು ತರುತ್ತಿತ್ತು. ಊರು ಬೆಳೆದ ಹಾಗೆ ನಾಲೆ ಅಲ್ಲಲ್ಲಿ ಮುಚ್ಚಿತು, ಕಟ್ಟಿಕೊಂಡಿತು. ಇವತ್ತು ಬೆಳಿಗ್ಗೆ ಏರಿ ಮೇಲೆ ವಾಕಿಂಗ್ ಹೋದರೆ ಕೆರೆಯ ಬಗ್ಗೆ ಬೇಕಾದಷ್ಟು ಮಾತು ಕಿವಿಗೆ ಬೀಳುತ್ತದೆ. ಬೆಂಚು ಬೇಕು, ಲೈಟು ಬೇಡ, ಟಾಯ್ಲೆಟ್ ಎಲ್ಲಿ, ಜೋರಾಗಿ ಹಾಡು ಹಾಕುವವರನ್ನು ಓಡಿಸಿ. ನೀರು ಯಾವ ದಾರಿಯಲ್ಲಿ ಬರಬೇಕಿತ್ತು, ಆ ದಾರಿ ಮೇಲೆ ಈಗ ಏನಿದೆ ಅನ್ನುವ ಮಾತು ಅಪರೂಪ. ಬೆಂಚು ಕೆರೆಯ ಒಳಗಿನ ವಿಷಯ. ನಾಲೆ ನಕ್ಷೆಯ ವಿಷಯ. ಕಣ್ಣಿಗೆ ಕಾಣುವುದರ ಬಗ್ಗೆ ನಮಗೆ ಅಭಿಪ್ರಾಯ ಜಾಸ್ತಿ, ಅಲ್ವಾ?

ಅಹವಾಲು ಸಭೆಯಲ್ಲಿ ಏನಾಗುತ್ತದೆ

ಮೂರು ಬಾಗಿಲುಗಳಲ್ಲಿ ಅತಿ ಹೆಚ್ಚು ಗಲಾಟೆ ಆಗುವುದು ನಡುವಿನದರಲ್ಲಿ. ಹಾಗಾಗಿ ಅದರ ಒಳಗೆ ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದು ಕಂಪನಿ ಯೋಜನೆಯೊಂದಕ್ಕೆ ಪರಿಸರ ಅನುಮತಿ ಕೇಳಿದೆ ಅಂತ ಇಟ್ಟುಕೊಳ್ಳಿ. ಮೊದಲು ಅದು ತಜ್ಞರ ಸಂಸ್ಥೆಯೊಂದರಿಂದ ಕರಡು ವರದಿ ಮಾಡಿಸಬೇಕು. ನೀರು ಎಷ್ಟು ಎಳೆಯುತ್ತೇವೆ, ಹೊಗೆ ಎಷ್ಟು, ಕೊಳಚೆ ಎಲ್ಲಿಗೆ, ಸುತ್ತ ಏನೇನಿದೆ. ವರದಿ ಮಾಡಿಸುವವರೂ ಕಂಪನಿಯವರೇ, ದುಡ್ಡು ಕೊಡುವವರೂ ಅವರೇ. ಇದು ಈ ವ್ಯವಸ್ಥೆಯ ದೊಡ್ಡ ಊನ ಅಂತ ನನ್ನ ಅನಿಸಿಕೆ. ಆದರೆ ಸದ್ಯಕ್ಕೆ ನಿಯಮ ಹೀಗಿದೆ.

ಈ ವರದಿಯ ಪ್ರತಿ ಡಿಸಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಆ ಊರಿನ ಪಂಚಾಯಿತಿ ಅಥವಾ ಪುರಸಭೆಯಲ್ಲಿ ಇರಬೇಕು. ಯಾರು ಬೇಕಾದರೂ ಹೋಗಿ ಓದಬಹುದು. ಅದರ ಸಾರಾಂಶ ಕನ್ನಡದಲ್ಲೂ ಇರಬೇಕು. ಇಡೀ ವರದಿ ನೂರಾರು ಪುಟ, ಅದು ಇಂಗ್ಲಿಷಿನಲ್ಲಿ. ಸಾರಾಂಶ ಕೆಲವೇ ಪುಟ. ಮಂಡ್ಯ ಜಿಲ್ಲೆಯ ರೈತನೊಬ್ಬನಿಗೆ ತನ್ನ ಬೋರ್‌ವೆಲ್ಲಿನ ಗತಿ ಏನಾಗುತ್ತದೆ ಅಂತ ಗೊತ್ತಾಗಬೇಕಾದ ಅಂಕಿಅಂಶ ಸಾಮಾನ್ಯವಾಗಿ ಆ ಕೆಲವು ಪುಟಗಳಲ್ಲಿ ಇರುವುದಿಲ್ಲ.

ಸಭೆಯ ನೋಟಿಸನ್ನು ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಹಾಕಬೇಕು. ಪತ್ರಿಕೆ ಮುಟ್ಟದ ಜಾಗದಲ್ಲಿ ಡಂಗುರ ಹೊಡೆಸಬೇಕು ಅಂತ ಅಧಿಸೂಚನೆಯಲ್ಲೇ ಬರೆದಿದೆ. 21ನೇ ಶತಮಾನದ ಕೇಂದ್ರ ಸರ್ಕಾರದ ಕಾಗದದಲ್ಲಿ ತಮಟೆಗೆ ಜಾಗ ಸಿಕ್ಕಿರುವುದು ನನಗಂತೂ ಖುಷಿ ಕೊಡುತ್ತದೆ. ಈಗ ಪತ್ರಿಕೆ ಎಲ್ಲ ಕಡೆ ಹೋಗುತ್ತದೆ ಅಂತ ತಮಟೆ ಸುಮ್ಮನಾಗಿದೆ. ಆದರೆ ಪತ್ರಿಕೆಯ ಹನ್ನೊಂದನೇ ಪುಟದ ಮೂಲೆಯ ಸಣ್ಣಕ್ಷರ ಓದುವವರಿಗಿಂತ ತಮಟೆ ಕೇಳುವವರು ಇವತ್ತಿಗೂ ಜಾಸ್ತಿ ಇದ್ದಾರೆ.

ಸಭೆ ಯೋಜನೆಯ ಜಾಗದಲ್ಲೋ ಅದರ ಹತ್ತಿರವೋ ನಡೆಯಬೇಕು. ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು ಅಥವಾ ಹೆಚ್ಚುವರಿ ಜಿಲ್ಲಾಧಿಕಾರಿಗಿಂತ ಕೆಳಗಲ್ಲದ ಅಧಿಕಾರಿಯದು. ಮೊದಲು ಕಂಪನಿಯವರು ಯೋಜನೆ ವಿವರಿಸುತ್ತಾರೆ. ಆಮೇಲೆ ಬಂದವರಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಎಲ್ಲ ವಿಡಿಯೊ ಆಗಬೇಕು. ಇಷ್ಟೇ ಜನ ಇರಬೇಕು ಅನ್ನುವ ಕೋರಂ ಇಲ್ಲ. ಹತ್ತು ಜನ ಬಂದರೂ ಸಭೆ ಸಭೆಯೇ. ಕೊನೆಗೆ ನಡಾವಳಿಯನ್ನು ಅಲ್ಲೇ, ಅವತ್ತೇ, ಕನ್ನಡದಲ್ಲಿ ಓದಿ ಹೇಳಬೇಕು. ಆಮೇಲೆ 8 ದಿನದಲ್ಲಿ ಅದು ಅನುಮತಿ ಕೊಡುವ ಪ್ರಾಧಿಕಾರಕ್ಕೆ ಹೋಗಬೇಕು.

ನಡಾವಳಿ ಓದುವ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ. ಊಟದ ಸಮಯ, ಬಸ್ಸಿನ ಸಮಯ. ಆದರೆ ಇಡೀ ದಿನದಲ್ಲಿ ನಿಜಕ್ಕೂ ಕೂರಬೇಕಾದ ಹೊತ್ತು ಅದೇ. ಯಾಕೆಂದರೆ ದೆಹಲಿಗೋ ಬೆಂಗಳೂರಿಗೋ ಹೋಗುವುದು ನಮ್ಮ ಕೂಗಲ್ಲ, ಆ ಕಾಗದ. ನೀವು ‘ಹಳ್ಳಕ್ಕೆ ಕೊಳಚೆ ಬಿಡಬೇಡಿ’ ಅಂದಿದ್ದು ಅದರಲ್ಲಿ ‘ಗ್ರಾಮಸ್ಥರು ಸ್ವಚ್ಛತೆ ಬಗ್ಗೆ ಪ್ರಸ್ತಾಪಿಸಿದರು’ ಅಂತ ಆಗಿದ್ದರೆ, ಅಲ್ಲೇ ಎದ್ದು ನಿಂತು ತಿದ್ದಿಸಬೇಕು.

ಬಹಳ ಜನ ಇದನ್ನು ಮತದಾನ ಅಂತ ತಿಳಿದಿದ್ದಾರೆ. ಅಲ್ಲ. ಸಾವಿರ ಜನ ಕೈ ಎತ್ತಿ ಬೇಡ ಅಂದರೂ ಯೋಜನೆ ತಾನಾಗಿ ಬಿದ್ದು ಹೋಗುವುದಿಲ್ಲ. ಸಾವಿರ ಜನಕ್ಕೆ ಬಿರಿಯಾನಿ ಹಾಕಿಸಿ ಬೇಕು ಅನ್ನಿಸಿದರೂ ತಾನಾಗಿ ಪಾಸಾಗುವುದಿಲ್ಲ. ಎದ್ದ ಪ್ರತಿ ತಕರಾರಿಗೂ ಕಂಪನಿ ಅಂತಿಮ ವರದಿಯಲ್ಲಿ ಉತ್ತರ ಬರೆಯಬೇಕು. ತಜ್ಞರ ಸಮಿತಿ ಆ ಉತ್ತರ ಸಾಕೋ ಇಲ್ಲವೋ ನೋಡಬೇಕು. ಅಂದರೆ ಇಲ್ಲಿ ತೂಕ ಇರುವುದು ತಲೆಗಳ ಲೆಕ್ಕಕ್ಕಲ್ಲ, ಉತ್ತರಿಸದೆ ಇರಲು ಆಗದ ಪ್ರಶ್ನೆಗೆ.

ಉದಾಹರಣೆಗೆ, ‘ಈ ಕಾರ್ಖಾನೆ ಪರಿಸರಕ್ಕೆ ಮಾರಕ, ಕೂಡಲೇ ಕೈಬಿಡಿ’ ಅಂತ ಬರೆದರೆ ಒಂದು ಸಾಲಿನ ಉತ್ತರ ಬರುತ್ತದೆ: ‘ಎಲ್ಲ ನಿಯಮ ಪಾಲಿಸಲಾಗುವುದು.’ ಅದೇ, ‘ವರದಿಯ ಇಂಥ ಪುಟದಲ್ಲಿ ಒಂದು ಕಿಲೋಮೀಟರ್ ಒಳಗೆ ಹಳ್ಳ ಇಲ್ಲ ಅಂತಿದೆ. ನಮ್ಮ ಸರ್ವೆ ನಂಬರಿನ ಪಕ್ಕದಲ್ಲೇ ಹಳ್ಳ ಇದೆ. ಗ್ರಾಮ ನಕ್ಷೆಯ ನಕಲು ಲಗತ್ತಿಸಿದ್ದೇನೆ. ಮಳೆಗಾಲದಲ್ಲಿ ಅದು ಊರ ಕೆರೆಗೆ ಬಂದು ಸೇರುತ್ತದೆ’ ಅಂತ ಬರೆದರೆ? ಇದನ್ನು ಒಂದು ಸಾಲಿನಲ್ಲಿ ಮುಗಿಸಲು ಆಗುವುದಿಲ್ಲ. ಉತ್ತರ ಕೊಡದೆ ಅನುಮತಿ ಕೊಟ್ಟರೆ ಮುಂದೆ ಹಸಿರು ನ್ಯಾಯಮಂಡಳಿಯಲ್ಲಿ ಅದೇ ಕಾಗದ ಸಾಕ್ಷಿಯಾಗುತ್ತದೆ. ಅನುಮತಿ ಸಿಕ್ಕ 30 ದಿನದ ಒಳಗೆ ಅಲ್ಲಿ ಮೇಲ್ಮನವಿ ಹಾಕಬಹುದು. ತಕ್ಕ ಕಾರಣ ಇದ್ದರೆ ಇನ್ನು 60 ದಿನ ಕೊಡುತ್ತಾರೆ. ನಮ್ಮ ಕಡೆಯವರಿಗೆ ಅದರ ಪೀಠ ಇರುವುದು ಚೆನ್ನೈನಲ್ಲಿ.

ಹಾಗೆಂದು ಪ್ರಶ್ನೆ ಬರೆಯಲು ಎಂಜಿನಿಯರ್ ಆಗಿರಬೇಕಿಲ್ಲ. ನಾಲೆ ಬಯಲಿನಲ್ಲಿ ನೀರಗಂಟಿಗೆ ಗೊತ್ತಿರುವಷ್ಟು ನೀರಿನ ವಿಷಯ ವರದಿ ಬರೆಯುವವರಿಗೆ ಗೊತ್ತಿರುವುದಿಲ್ಲ. ಯಾವ ತೂಬು ಎಷ್ಟು ಬಿಡುತ್ತದೆ, ಕೋಡಿ ಬಿದ್ದರೆ ನೀರು ಯಾರ ಗದ್ದೆ ಮೇಲೆ ಹರಿಯುತ್ತದೆ, ಇದು ಬೇಸಿಗೆಯಲ್ಲಿ ಮೂರು ದಿನ ಬಂದು ಅಳತೆ ಮಾಡಿ ಹೋದವರಿಗೆ ಸಿಗುವ ಮಾಹಿತಿ ಅಲ್ಲ. ಆ ಅರಿವನ್ನು ಪುಟದ ಸಂಖ್ಯೆ, ಸರ್ವೆ ನಂಬರ್ ಹಾಕಿ ಕಾಗದಕ್ಕೆ ಇಳಿಸುವುದಷ್ಟೇ ಕೆಲಸ.

ನಾನೂ ಒಮ್ಮೆ ಒಂದು ಕಚೇರಿಗೆ ಎರಡು ಪುಟದ ಆಕ್ಷೇಪಣೆ ಕೊಟ್ಟು ಬಂದೆ. ಸಿಟ್ಟು ತುಂಬಿತ್ತು, ವಿಶೇಷಣಗಳೂ ತುಂಬಿದ್ದವು. ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದನ್ನು ಮರೆತೆ. ಮೂರು ವಾರ ಬಿಟ್ಟು ವಿಚಾರಿಸಿದರೆ, ‘ಇನ್‌ವರ್ಡ್ ನಂಬರ್ ಹೇಳಿ’ ಅಂದರು. ಕೈಯಲ್ಲಿ ಏನೂ ಇರಲಿಲ್ಲ. ಅವತ್ತಿನಿಂದ ಟಪಾಲು ವಿಭಾಗದ ಮೇಜಿನ ಮುಂದೆ ನನಗೆ ನಾಚಿಕೆ ಇಲ್ಲ. ಸೀಲು ಬೀಳುವ ತನಕ ನಿಂತೇ ಇರುತ್ತೇನೆ.

ಇನ್ನು ಈ ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ ಅನ್ನುವುದೂ ಗೊತ್ತಿರಲಿ. ಕಟ್ಟಡ, ಬಡಾವಣೆ, ಟೌನ್‌ಶಿಪ್ ಯೋಜನೆಗಳಿಗೆ ಅಹವಾಲು ಸಭೆಯೇ ಬೇಡ ಅಂತ ಇದೇ ಅಧಿಸೂಚನೆ ವಿನಾಯಿತಿ ಕೊಟ್ಟಿದೆ. ಹೊಸದಾಗಿ ಜಮೀನು ವಶ ಮಾಡಿಕೊಳ್ಳದೆ ಹೆದ್ದಾರಿ ಅಗಲ ಮಾಡಿದರೂ ಬೇಡ. ರಿಂಗ್ ರೋಡಿನ ಆಚೆಗೆ ಮೈಸೂರು ಬೆಳೆಯುತ್ತಿರುವುದು ಬಡಾವಣೆಗಳಿಂದ. ಅಂದರೆ ಊರಿನ ಚಹರೆ ಬದಲಿಸುವ ಕೆಲಸಕ್ಕೇ ಈ ಬಾಗಿಲು ಇಲ್ಲ. ಹಾಗಾಗಿಯೇ ಮೊದಲ ಬಾಗಿಲು, ಆ 60 ದಿನದ ನಕ್ಷೆ ಬಾಗಿಲು, ಅಷ್ಟು ಮುಖ್ಯ.

ಬೇಬಿ ಬೆಟ್ಟದ ಸದ್ದು

ಎಲ್ಲವೂ ಬಾಗಿಲಿನ ಮೂಲಕವೇ ನಡೆಯಬೇಕು ಅಂತ ಕಾನೂನಿನವರು ಹೇಳಬಹುದು. ಮಂಡ್ಯದವರು ಕೇಳುವುದಿಲ್ಲ. ಕೇಳದೆ ಇದ್ದದ್ದು ಒಳ್ಳೆಯದೇ ಆಯಿತು ಅನ್ನುವುದಕ್ಕೆ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟ ಸಾಕ್ಷಿ.

ಕನ್ನಂಬಾಡಿ ಕಟ್ಟೆ ಅಂದರೆ ಮಂಡ್ಯದವರಿಗೆ ಬರೀ ಅಣೆಕಟ್ಟೆ ಅಲ್ಲ, ಅದು ಅನ್ನದ ತಟ್ಟೆ. ಅದರ ಹತ್ತಿರದ ಬೆಟ್ಟದಲ್ಲಿ ಕಲ್ಲು ಸಿಡಿಸುತ್ತಿದ್ದರು. ಮನೆ ಗೋಡೆ ನಡುಗುತ್ತದೆ, ಕಟ್ಟೆಗೆ ಏನಾದರೂ ಆದರೆ ಅಂತ ಸುತ್ತಲಿನ ಊರಿನವರು ವರ್ಷಗಟ್ಟಲೆ ಹೇಳುತ್ತಲೇ ಇದ್ದರು. 2018ರಲ್ಲಿ ಭಾರಿ ಸದ್ದೊಂದು ಕೇಳಿಸಿತು. ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಉಪಕರಣಗಳಲ್ಲೂ ದಾಖಲಾಯಿತು. ಜನರ ಕಿವಿ ಹೇಳಿದ್ದನ್ನು ಯಂತ್ರವೂ ಹೇಳಿದ ಮೇಲೆ ಮಾತಿಗೆ ತೂಕ ಬಂತು.

2022ರಲ್ಲಿ ಪ್ರಾಯೋಗಿಕ ಸ್ಫೋಟ ಮಾಡಿ ನೋಡೋಣ ಅಂತ ತಜ್ಞರನ್ನು ಕರೆಸಿದಾಗ ರೈತರು ಅಡ್ಡ ನಿಂತರು. ವಿಜ್ಞಾನದ ಮೇಲೆ ಸಿಟ್ಟು ಅಂತ ಇದನ್ನು ಓದಿದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ತಜ್ಞರಿಗೆ ಕೊಟ್ಟ ಪ್ರಶ್ನೆ ‘ಎಷ್ಟು ಸಿಡಿಸಿದರೆ ಕಟ್ಟೆ ತಡೆಯುತ್ತದೆ’ ಅನ್ನುವುದು. ರೈತರ ಪ್ರಶ್ನೆ ‘ಕಟ್ಟೆ ಪಕ್ಕದಲ್ಲಿ ಸಿಡಿಸುವುದೇ ಯಾಕೆ’ ಅನ್ನುವುದು. ಪ್ರಶ್ನೆಯೇ ಬೇರೆ ಇದ್ದಾಗ ಉತ್ತರ ಎಷ್ಟು ವೈಜ್ಞಾನಿಕವಾಗಿದ್ದರೂ ಒಪ್ಪಿಗೆ ಆಗುವುದಿಲ್ಲ. ನೀತಿ ಮಾಡುವವರು ಜನರನ್ನು ಕರೆಯಬೇಕಾಗಿರುವುದು ಉತ್ತರ ಕೇಳಲು ಮಾತ್ರ ಅಲ್ಲ, ಪ್ರಶ್ನೆ ಯಾವುದು ಅಂತ ಕೂತು ಗೊತ್ತು ಮಾಡಲು.

2024ರ ಜನವರಿಯಲ್ಲಿ ಹೈಕೋರ್ಟ್, 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆಯ ಪ್ರಕಾರ ಅಧ್ಯಯನ ಮುಗಿಯುವ ತನಕ ಕೆಆರ್‌ಎಸ್‌ನ 20 ಕಿಲೋಮೀಟರ್ ಸುತ್ತ ಗಣಿಗಾರಿಕೆ, ಸ್ಫೋಟ ಬೇಡ ಅಂತ ಆದೇಶ ಮಾಡಿತು. ಬೀದಿ, ಯಂತ್ರ, ಕೋರ್ಟು, ಮೂರೂ ಬೇಕಾಯಿತು. ಮೈಸೂರಿನ ಚಾಮುಂಡಿ ಬೆಟ್ಟದಲ್ಲೂ ಹಾಗೇ. 2021ರಲ್ಲಿ ನಂದಿ ರಸ್ತೆ ಕುಸಿದಿತ್ತು. ಮಣ್ಣು ಹೀಗಿರುವಾಗ ರೋಪ್‌ವೇ ಬೇರೆ ಬೇಕಾ ಅಂತ ಜನ ಕೇಳಿದರು. 2022ರಲ್ಲಿ ಆ ಪ್ರಸ್ತಾವ ಕೈಬಿಟ್ಟರು.

ತೀರ್ಮಾನವೇ ಊರಿನದಾದಾಗ

ಮೂರನೇ ಬಗೆಯ ಪಾಲು, ಅಂದರೆ ತೀರ್ಮಾನವನ್ನೇ ಜನರ ಕೈಗೆ ಕೊಡುವುದು, ಪುಸ್ತಕದಲ್ಲಿ ಮಾತ್ರ ಇದೆ ಅಂದುಕೊಂಡರೆ ಮದ್ದೂರು ತಾಲ್ಲೂಕಿಗೆ ಬನ್ನಿ. ಕೊಕ್ಕರೆ ಬೆಳ್ಳೂರು. ಊರ ನಡುವಿನ ಹುಣಸೆ, ಅರಳಿ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರಿನವರು ಅವುಗಳನ್ನು ಕರೆಯುತ್ತಾರೆ. ಮಾತು ಚೆಂದ. ಆದರೆ ಬರೀ ಮಾತಿನಿಂದ ಮರ ಉಳಿಯುವುದಿಲ್ಲ. ಹಕ್ಕಿ ಕೂತ ಹುಣಸೆ ಮರದಲ್ಲಿ ಫಸಲು ಇಳಿಸಲು ಆಗುವುದಿಲ್ಲ, ಆ ನಷ್ಟಕ್ಕೆ ಮರದವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಹಿಕ್ಕೆ ಗೊಬ್ಬರವಾಗಿ ಗದ್ದೆಗೆ ಹೋಗುತ್ತದೆ. ಪ್ರೀತಿಯೂ ಲೆಕ್ಕವೂ ಜೊತೆಗಿವೆ.

2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಬಂದ ಅವಕಾಶ ಇದು. ಅಭಯಾರಣ್ಯ ಅಂದರೆ ಇಲಾಖೆಯ ಆಡಳಿತ. ಸಮುದಾಯ ಮೀಸಲು ಹಾಗಲ್ಲ. ಊರಿನವರು ತಾವಾಗಿ ಮುಂದೆ ಬರಬೇಕು. ಜಮೀನು ಅವರದ್ದೇ ಆಗಿ ಉಳಿಯುತ್ತದೆ. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಆರಿಸಿದ ಪ್ರತಿನಿಧಿಗಳು ಇರುತ್ತಾರೆ. ಆ ಸಮಿತಿ ನಿರ್ಣಯ ಮಾಡದೆ, ಸರ್ಕಾರ ಅದಕ್ಕೆ ಒಪ್ಪದೆ, ಅಲ್ಲಿನ ಜಮೀನಿನ ಬಳಕೆ ಬದಲಾಗುವಂತಿಲ್ಲ. ಸರ್ಕಾರ ಒಂದೇ ಕೈಯಿಂದ ಬದಲಾಯಿಸಲಾರದು, ಊರೂ ಒಂದೇ ಕೈಯಿಂದ ಬದಲಾಯಿಸಲಾರದು. ಅಹವಾಲು ಸಭೆಗೂ ಇದಕ್ಕೂ ಇರುವ ದೂರ ನೋಡಿ. ಅಲ್ಲಿ ಊರು ಹೇಳುತ್ತದೆ, ಬೇರೆಯವರು ತೀರ್ಮಾನಿಸುತ್ತಾರೆ. ಇಲ್ಲಿ ಊರಿನ ಸಹಿ ಇಲ್ಲದೆ ಕಡತ ಏಳುವುದೇ ಇಲ್ಲ.

ಕಾಗದದ ಮೇಲೆ ಇಂಥ ಸಮಿತಿಗಳಿಗೆ ಕೊರತೆ ಇಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ತಳಿಗಳ ದಾಖಲೆ ಬರೆಯುವುದು ಅದರ ಕೆಲಸ. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ಪಿಡಿಒ ಅವರನ್ನು ಒಮ್ಮೆ ಕೇಳಿ ನೋಡಿ.

ಪಟ್ಟಣದಲ್ಲಿ ಇದಕ್ಕೆ ಸಾಟಿ ವಾರ್ಡ್ ಸಮಿತಿ. ಮೈಸೂರು ಪಾಲಿಕೆಯಲ್ಲಿ 65 ವಾರ್ಡ್. ಒಂದೊಂದು ಸಮಿತಿಗೂ ಹತ್ತು ಮಂದಿ ನಾಗರಿಕರು ಇರಬೇಕು. ಅವರಲ್ಲಿ ಕನಿಷ್ಠ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಅಧ್ಯಕ್ಷರು ಆ ವಾರ್ಡಿನ ಕಾರ್ಪೊರೇಟರ್. 2023ರ ನವೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಕಾರ್ಪೊರೇಟರೇ ಇಲ್ಲದ ಮೇಲೆ ಸಮಿತಿಯ ಕುರ್ಚಿಯಲ್ಲಿ ಯಾರು ಕೂರಬೇಕು? ಮರ ಕಡಿದಾಗ ಫೋನ್ ಮಾಡಿ ಬೈಯಲಿಕ್ಕಾದರೂ ಒಬ್ಬರು ಬೇಕಲ್ಲ.

ಯಾರು ಬರಲಿಲ್ಲ

ಸಭೆ ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದಕ್ಕೆ, ಕೆಲಸದ ದಿನ. ಕೂಲಿಗೆ ಹೋಗುವವರು ಬಂದರೆ ಅವತ್ತಿನ ಸಂಬಳ ಹೋಯಿತು. ನಾಟಿ ಸಮಯದಲ್ಲಿ ಸಭೆ ಇಟ್ಟರೆ ಹೆಂಗಸರು ಒಬ್ಬರೂ ಇರುವುದಿಲ್ಲ. ಬರುವವರು ನನ್ನಂಥವರು, ನಿವೃತ್ತರು, ಪಕ್ಷದವರು. ಹಾಗಾಗಿ ‘ಜನಾಭಿಪ್ರಾಯ’ ಅನ್ನುವುದು ಹೆಚ್ಚಾಗಿ ಬಿಡುವಿದ್ದವರ ಅಭಿಪ್ರಾಯ.

ಬಿಡುವಿದ್ದವರ ಅಭಿಪ್ರಾಯ ಯಾವಾಗಲೂ ಊರಿಗೆ ಒಳ್ಳೆಯದು ಅಂತಲೂ ಇಲ್ಲ. ಕಸದ ವಿಷಯ ತೆಗೆದುಕೊಳ್ಳಿ. ಕೇಂದ್ರದ ಸ್ವಚ್ಛತಾ ಸಮೀಕ್ಷೆಯಲ್ಲಿ 2016ರಲ್ಲಿ ಮೈಸೂರು ದೇಶಕ್ಕೇ ಮೊದಲು ಬಂತು. ಎಲ್ಲರೂ ಹೆಮ್ಮೆ ಪಟ್ಟರು. ಆದರೆ ಕಸ ಬೇರ್ಪಡಿಸುವ ಘಟಕ ನಮ್ಮ ಬಡಾವಣೆಗೆ ಬರುತ್ತದೆ ಅಂದ ತಕ್ಷಣ ಅದೇ ಜನ ಅರ್ಜಿ ಹಿಡಿದು ಓಡುತ್ತಾರೆ. ಅರ್ಜಿ ಬರೆಯಲು ಬಲ್ಲ ಬಡಾವಣೆಯಿಂದ ಘಟಕ ತಪ್ಪುತ್ತದೆ, ಬರೆಯಲು ಬಾರದ ಕಡೆಗೆ ಹೋಗುತ್ತದೆ. ವಿದ್ಯಾರಣ್ಯಪುರಂ ಸೀವೇಜ್ ಫಾರಂ ಸುತ್ತಲಿನವರು ಇಡೀ ಊರಿನ ಕಸದ ವಾಸನೆ ಎಷ್ಟೋ ವರ್ಷ ಕುಡಿದರು. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ ನಡೆದಿದ್ದು ಬೇರೆ ರೀತಿ. ಅಲ್ಲಿ ನಾಗರಿಕರ ಒಕ್ಕೂಟವೇ ಕೆಲಸಕ್ಕೆ ಕೈ ಹಾಕಿತು.

ಭಾಷೆಯೂ ಒಂದು ಬೇಲಿ. 2020ರಲ್ಲಿ ಕೇಂದ್ರ ಸರ್ಕಾರ ಆ ಪರಿಣಾಮ ಅಂದಾಜು ಅಧಿಸೂಚನೆಯ ಹೊಸ ಕರಡು ತಂದಿತು. ಅಹವಾಲು ಸಭೆಯ 30 ದಿನದ ನೋಟಿಸನ್ನು 20ಕ್ಕೆ ಇಳಿಸುವ ಮಾತು ಅದರಲ್ಲಿತ್ತು. ದೇಶಕ್ಕೆಲ್ಲ ಅನ್ವಯಿಸುವ ಕರಡು ಇದ್ದದ್ದು ಇಂಗ್ಲಿಷ್, ಹಿಂದಿಯಲ್ಲಿ. ಸಂವಿಧಾನದ 8ನೇ ಅನುಸೂಚಿಯ ಭಾಷೆಗಳಿಗೆಲ್ಲ ಅನುವಾದ ಮಾಡಿಸಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಕನ್ನಡದಲ್ಲಿ ಪ್ರಚಾರ ಆಗಿಲ್ಲ ಅನ್ನುವ ತಕರಾರು ನಮ್ಮ ಹೈಕೋರ್ಟಿಗೂ ಹೋಯಿತು. ಲಾಕ್‌ಡೌನ್ ಸಮಯದಲ್ಲೂ ಲಕ್ಷಗಟ್ಟಲೆ ಪತ್ರ ಹೋದವು. ಆ ಕರಡು ಅಂತಿಮವಾಗಲಿಲ್ಲ. ತಮ್ಮ ಭಾಷೆಯಲ್ಲಿ ಓದಲು ಸಿಕ್ಕರೆ ಜನ ಬರೆಯುತ್ತಾರೆ.

ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಅವರು ಪತ್ರಿಕೆಯನ್ನು ಹಿಂದಿನಿಂದ ಓದುತ್ತಾರೆ. ಕ್ರೀಡಾ ಪುಟಕ್ಕಲ್ಲ, ಜಾಹೀರು ಪ್ರಕಟಣೆಗಳಿಗೆ. ಟೆಂಡರ್, ಹರಾಜು, ಸಾರ್ವಜನಿಕ ಅಹವಾಲು, ಕರಡು ಅಧಿಸೂಚನೆ. ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಕೊನೆಯ ದಿನಾಂಕ ಬರೆದು, ಕತ್ತರಿಸಿ ಹಳೆ ಕ್ಯಾಲೆಂಡರಿಗೆ ಪಿನ್ ಮಾಡುತ್ತಾರೆ. ಮೊನ್ನೆ ಬೆಳಿಗ್ಗೆ ಹಾಲು ತರಲು ಹೋದಾಗ ಜಗಲಿ ಮೇಲೆ ಕೂತಿದ್ದರು.

‘ಏನಾದ್ರೂ ಇದೆಯಾ ಮೇಷ್ಟ್ರೇ?’ ಅಂದೆ.

ಕನ್ನಡಕದ ಮೇಲಿಂದ ನೋಡಿದರು. ‘ಇವತ್ತೇನಿಲ್ಲ ಕಣಪ್ಪ. ಎರಡು ಹೆಸರು ಬದಲಾವಣೆ, ಒಂದು ಕಳೆದುಹೋದ ಮಾರ್ಕ್ಸ್ ಕಾರ್ಡು. ನಾಳೆ ನೋಡಣ.’